ಪೆನ್ನು ಬಿದ್ದಾಗ ಬಗ್ಗಿದವರು

ಕಾರು ನಿಲ್ಲಿಸಿ ಐದು ನಿಮಿಷವಾದರೂ ನಾನು ಇಳಿಯಲಿಲ್ಲ. ನನ್ನ ತಂಗಿ ಡಾಟ್ ಎಂಜಿನ್ ಆರಿಸಿ, ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ನನ್ನತ್ತ ತಿರುಗಿದಳು.

"ಏನೇ ಗ್ಲೆನಿಸ್, ಇಳಿಯೋ ಯೋಚನೆ ಇದೆಯೋ, ಇಲ್ಲಾ ಡಾಕ್ಟ್ರನ್ನೇ ಕೆಳಗೆ ಕರೀಲೋ?"

"ಮೆಲ್ಲಗೆ ಮಾತಾಡು. ಮೇಲಿನ ಕಿಟಕಿ ಕಡೆ ನೋಡ್ಬೇಡ. ಅಲ್ಲಿ ಯಾರೋ ನಿಂತಿರ್ತಾರೆ."

"ನಿಂತಿದ್ರೆ ನಿಂತಿರ್ಲಿ ಬಿಡೆ. ನಿನ್ನ ಬೆನ್ನು ನಿಜವಾಗ್ಲೂ ನೋಯ್ತಿದೆ ತಾನೇ?"

"ಅದೇ ಕಣೇ ತೊಂದರೆ."

ಡಾಟ್‌ಗೆ ಅರ್ಥವಾಗಲಿಲ್ಲ. ಹೇಗೆ ಅರ್ಥವಾದೀತು? ಹನ್ನೊಂದು ವರ್ಷ ಅಂಥದ್ದೇ ಒಂದು ಕಿಟಕಿಯ ಹಿಂದೆ ನಿಂತಿದ್ದವಳು ನಾನು.

ಏಳು ತಿಂಗಳ ಹಿಂದೆ ಲ್ಯಾಂಬ್ಟನ್ನಿನ ಸಿಗ್ನಲ್‌ನಲ್ಲಿ ನಿಂತಿದ್ದಾಗ ಬ್ರೆಡ್ ಸಾಗಿಸುವ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಕಾರಿನ ಬಂಪರಿಗೆ ಒಂದು ಗೀರು, ಅಷ್ಟೆ. ಕತ್ತಿನಿಂದ ಸೊಂಟದವರೆಗೆ ನನಗಾದದ್ದು ಯಾವ ಎಕ್ಸ್-ರೇಯಲ್ಲೂ ಬರಲಿಲ್ಲ. ಮೂಳೆ ಮುರಿದಿಲ್ಲ, ಮಾಂಸಖಂಡಕ್ಕೆ ಪೆಟ್ಟು ಎಂದರು. ಮುರಿದಿದ್ದರೆ ನೆಮ್ಮದಿಯಾಗಿರುತ್ತಿದ್ದೆ, ಯಾರ ಮುಂದೆಯಾದರೂ ಚಿತ್ರ ಹಿಡಿದು ತೋರಿಸಬಹುದಿತ್ತು. ಒಂದು ತಾಸು ಕುರ್ಚಿಯಲ್ಲಿ ಕೂರಲಾರದವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಆಗ ನಾನಿದ್ದ ಹಲ್ಲಿನ ಡಾಕ್ಟರ ಕೌಂಟರಿಗೆ ಕ್ರಿಸ್ಮಸ್ಸಿಗೆ ಮೊದಲೇ ಬೇರೊಬ್ಬಳು ಬಂದು ಕೂತಳು. ಈಗ ಲಾರಿಯವರ ವಿಮೆ ಕಂಪನಿ ವಾರಕ್ಕಿಷ್ಟು ಕೊಡುತ್ತದೆ, ಬೆನ್ನಿನ ಚಿಕಿತ್ಸೆಗೂ ಕೊಡುತ್ತದೆ. ಅದರಲ್ಲೇ ನನ್ನ ಒಂಟಿ ಸಂಸಾರ. ಇವತ್ತು ಅವರೇ ಆರಿಸಿದ ಡಾಕ್ಟರ್ ನನ್ನನ್ನು ನೋಡಿ, ಹುಷಾರಾಗಿದ್ದಾಳೆ ಎಂದು ಬರೆದರೆ ಎರಡೂ ನಿಲ್ಲುತ್ತವೆ. ನನಗೆ ಹೆದರಿಕೆಯಾಗಿತ್ತು. ಐವತ್ತೊಂಬತ್ತು ವರ್ಷದಲ್ಲಿ ಅಷ್ಟು ಹೆದರಿದ್ದು ಇದೇ ಮೊದಲು.

ಹಲ್ಲಿನ ಡಾಕ್ಟರಿಗಿಂತ ಮೊದಲು, ಹ್ಯಾಮಿಲ್ಟನ್ನಿನಲ್ಲಿ ಹನ್ನೊಂದು ವರ್ಷ ನಾನು ಕೆಲಸಕ್ಕಿದ್ದದ್ದೂ ವಿಮೆ ಕಂಪನಿಯವರು ಆರಿಸುವ ಇಂಥ ಡಾಕ್ಟರ ಹತ್ತಿರವೇ. ಆತ ಈಗ ನಿವೃತ್ತ, ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಾನಂತೆ. ನನ್ನ ಕೌಂಟರಿನ ಕೆಳಗೆ ಹಳದಿ ಹಾಳೆಗಳ ಕಟ್ಟು ಇರುತ್ತಿತ್ತು. ಕಾರಿನಿಂದ ಹೇಗಿಳಿದರು, ಬಾಗಿಲನ್ನು ಯಾವ ಕೈಯಲ್ಲಿ ದೂಡಿದರು, ತಗ್ಗಿನ ಸೋಫಾದಿಂದ ಎದ್ದದ್ದು ಹೇಗೆ, ಎಲ್ಲ ನಾನು ಬರೆಯಬೇಕು. ಒಳಗೆ ನರಳುವವರು ಹೊರಗೆ ಹೇಗಿದ್ದರು ಎಂದು ಡಾಕ್ಟರಿಗೆ ಗೊತ್ತಾಗಬೇಕಲ್ಲ.

ಪೆನ್ನಿನ ಉಪಾಯ ಮಾತ್ರ ನನ್ನದೇ. ಅರ್ಜಿ ತುಂಬುವಾಗ ಪೆನ್ನನ್ನು ಬೇಕೆಂದೇ ಅವರ ಕಾಲ ಬಳಿ ಬೀಳಿಸುವುದು, ಬಗ್ಗುತ್ತಾರೋ ಇಲ್ಲವೋ ನೋಡುವುದು. ಬಗ್ಗಿದರೆ ನೋವು ಸುಳ್ಳು ಎಂದು ಲೆಕ್ಕ. "ಗ್ಲೆನಿಸ್, ನೀನು ಎಕ್ಸ್-ರೇಗಿಂತ ಮೇಲು" ಎಂದರು ಡಾಕ್ಟರು. ನಾನು ಉಬ್ಬಿಹೋದೆ. ಒಂದು ಶನಿವಾರ ಬೇರೆ ಬೇರೆ ಕ್ಲಿನಿಕ್ಕಿನ ಹುಡುಗಿಯರನ್ನು ಕರೆಸಿ, ಚಹಾ ಕೇಕು ಕೊಟ್ಟು, ಹೇಗೆ ಬೀಳಿಸಬೇಕು, ಆಮೇಲೆ ಏನೆಂದು ಬರೆಯಬೇಕು ಎಂದು ಪಾಠ ಬೇರೆ ಮಾಡಿದೆ.

ಮೂರನೇ ವರ್ಷದ ಹೊತ್ತಿಗೆ ನನಗೊಂದು ಗೊತ್ತಾಗಿತ್ತು. ಸುಳ್ಳು ಹೇಳಲು ಬಂದವರು ಬಗ್ಗುತ್ತಿರಲಿಲ್ಲ. ಪೆನ್ನನ್ನು ಹಾವು ನೋಡಿದಂತೆ ನೋಡಿ ನಿಲ್ಲುತ್ತಿದ್ದರು. ಬಗ್ಗುತ್ತಿದ್ದವರು ನಿಜವಾಗಿ ನೋವಿದ್ದವರು. ಇನ್ನೊಬ್ಬರ ಕೈಯಿಂದ ಬಿದ್ದದ್ದನ್ನು ಎತ್ತಿಕೊಡಬೇಕು ಎಂದು ಅವರ ತಾಯಂದಿರು ಕಲಿಸಿದ್ದರು, ನೋವು ನೆನಪಾಗುವ ಮೊದಲೇ ಕೈ ಚಾಚುತ್ತಿದ್ದರು. ಅದು ಗೊತ್ತಿದ್ದೂ ಬರೆದೆ. ನಾಚಿಕೆಯಾಗುತ್ತದೆ, ಆದರೆ ಬರೆದೆ.

ಹಾಗೆ ಬಗ್ಗಿದವರಲ್ಲಿ ಒಬ್ಬಳು ದ್ರಾಗಿತ್ಸಾ ಎಂಬ ಮ್ಯಾಸಿಡೋನಿಯಾದ ಹೆಂಗಸು, ಬ್ರಾಡ್‌ಮೆಡೋದ ಶಾಲೆಯಲ್ಲಿ ಕಸ ಗುಡಿಸುತ್ತಿದ್ದವಳು. ಪೆನ್ನು ಬಿದ್ದೊಡನೆ ಬಗ್ಗಿದಳು. ಏಳುವಾಗ ಕೌಂಟರನ್ನು ಹಿಡಿದಳು. ಮುಖ ಸುಣ್ಣದ ಹಾಗಾಗಿತ್ತು, ಮೇಲ್ದುಟಿಯ ಮೇಲೆ ಬೆವರು. "ತಗೋ ಮಗಳೇ" ಎಂದು ಪೆನ್ನು ಕೊಟ್ಟಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ. ಹಾಳೆಯಲ್ಲಿ ನಾನು ಬರೆದದ್ದು: 'ನೆಲದಿಂದ ಪೆನ್ನು ಎತ್ತಿದರು. ತೊಂದರೆ ಕಾಣಲಿಲ್ಲ.' ಮುಖದ ಬಣ್ಣ ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ, ನಾನೂ ಮಾಡಿಕೊಡಲಿಲ್ಲ. ಅವಳ ಪರಿಹಾರದ ಅರ್ಜಿ ಬಿದ್ದುಹೋಯಿತು.

ಎರಡು ವರ್ಷದ ಮೇಲೆ ಹಣ್ಣಿನ ಅಂಗಡಿಯಲ್ಲಿ ಅವಳನ್ನು ಕಂಡೆ. ಸಾಮಾನಿನ ಗಾಡಿಗೆ ಪೂರ್ತಿ ಒರಗಿ ನಡೆಯುತ್ತಿದ್ದಳು. ಗುರುತು ಹಿಡಿದು ನಕ್ಕಳು.

"ಆವತ್ತಿನ ಪೆನ್ನು ಇನ್ನೂ ಇದೆಯಾ?"

ಅವಳಿಗೆ ಗೊತ್ತಿತ್ತೋ, ಸುಮ್ಮನೆ ಕೇಳಿದಳೋ, ಇವತ್ತಿಗೂ ನನಗೆ ತಿಳಿಯದು. ಕೈಯಲ್ಲಿದ್ದ ಮಾವಿನಹಣ್ಣನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

"ಪೆನ್ನು ಬೀಳಿಸ್ತಾರೆ ಕಣೇ," ಎಂದೆ ಡಾಟ್‌ಗೆ. "ನಾನು ಬಗ್ಗಲ್ಲ. ಸತ್ರೂ ಬಗ್ಗಲ್ಲ."

"ಬಗ್ಗಬೇಡ ಬಿಡು. ಯಾರು ಬಗ್ಗು ಅಂದ್ರು? ಬಗ್ಗಿದ್ರೆ ನಿನ್ನನ್ನ ನೆಟ್ಟಗೆ ಮಾಡೋಕೆ ಕ್ರೇನ್ ತರಿಸ್ಬೇಕಾಗತ್ತೆ."

ಇಳಿದೆ. ಕಿಟಕಿಯ ಪರದೆ ಒಂದಿಷ್ಟು ಅಲ್ಲಾಡಿದಂತಾಯಿತು. ಲಿಫ್ಟಿಗೆ 'ಕೆಟ್ಟಿದೆ' ಎಂಬ ಬೋರ್ಡು ನೇತುಹಾಕಿದ್ದರು. ಕೆಟ್ಟೇ ಇತ್ತೋ, ಬಂದವರು ಮೆಟ್ಟಿಲು ಹತ್ತುವುದನ್ನು ನೋಡಲೆಂದೇ ಹಾಕಿದ್ದರೋ. ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿಯಲಿ ಎಂದು ಯೋಚಿಸಿದೆ. ಹಾಗೆ ಯೋಚಿಸಿದೊಡನೆ ನನ್ನ ನೋವಿನ ಮೇಲೆ ನನಗೇ ಅನುಮಾನ ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಬೆನ್ನಿನಲ್ಲಿ ಬೆಂಕಿ ಉರಿಯುತ್ತಿದೆ, ನಾನು ಹೊರಗೆ ನಿಂತು ಉರಿ ಸಾಲದೇನೋ ಎಂದು ಅಳೆಯುತ್ತಿದ್ದೇನೆ.

ಒಳಗೆ ತಗ್ಗಿನ ಸೋಫಾ. ಕೌಂಟರಿನ ಹಿಂದೆ ಒಬ್ಬ ಹುಡುಗಿ, ಎದೆಯ ಮೇಲಿನ ಪಟ್ಟಿಯಲ್ಲಿ 'ತಾಲಿಯಾ' ಎಂದಿತ್ತು. ತುಂಬು ಗರ್ಭಿಣಿ.

"ಕೂತ್ಕೊಳ್ಳಲ್ವಾ ಮೇಡಂ?"

"ಬೇಡಮ್ಮ. ನಿಂತ್ರೇ ವಾಸಿ."

ಅವಳ ಕಣ್ಣು ಒಮ್ಮೆ ಕೆಳಗೆ ಹೋಯಿತು. ಕೌಂಟರಿನ ಅಂಚಿನಲ್ಲಿ ಹಳದಿ ಬಣ್ಣ ಕಂಡಿತು. ಅರ್ಜಿ ಮುಂದಿಟ್ಟಳು. ಪೆನ್ನು ಚಾಚಿದಳು, ಅದು ನನ್ನ ಬೆರಳು ಮುಟ್ಟುವ ಮೊದಲೇ ಜಾರಿ, ನನ್ನ ಬಲಗಾಲಿನ ಬಳಿ ಬಿತ್ತು. ಸರಿಯಾಗಿ ನಾನು ಪಾಠ ಹೇಳಿಕೊಟ್ಟ ಜಾಗದಲ್ಲಿ.

ನಾನು ಅಲುಗಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ನಿಂತೆ.

"ಅಯ್ಯೋ, ಇರ್ಲಿ ಬಿಡಿ, ನಾನೇ ತಗೋತೀನಿ," ಎಂದು ಹುಡುಗಿ ಎದ್ದಳು. ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಸೊಂಟಕ್ಕೆ. ಕೌಂಟರು ಸುತ್ತಿ ಬಂದು ಮಂಡಿ ಊರಲು ಹೊರಟಳು. ಇದು ನಾನು ಕಲಿಸಿದ ಪಾಠದಲ್ಲಿ ಇರಲಿಲ್ಲ. ಹುಡುಗಿ ತಾನಾಗಿ ಸೇರಿಸಿಕೊಂಡದ್ದೋ, ನಿಜವಾಗಿಯೇ ಪಾಪದವಳೋ, ಯೋಚಿಸಲು ಹೊತ್ತಿರಲಿಲ್ಲ. ಆ ಹೊಟ್ಟೆ ಹೊತ್ತವಳು ನನ್ನ ಕಾಲ ಬಳಿ ಬಗ್ಗುವುದನ್ನು ನಾನು ನಿಂತು ನೋಡುವುದೇ? ನಮ್ಮಮ್ಮ ಸತ್ತು ಇಪ್ಪತ್ತು ವರ್ಷವಾಯಿತು, ಆದರೂ ಬಗ್ಗಿಸಿದವಳು ಅವಳೇ.

ಬಗ್ಗಿದೆ. ಸೊಂಟದೊಳಗೆ ಏನೋ ಹರಿದಂತಾಯಿತು. ಪೆನ್ನು ಸಿಕ್ಕಿತು, ಏಳಲಾಗಲಿಲ್ಲ. ಕೌಂಟರು ಹಿಡಿದೆ. ಕಣ್ಣು ಕತ್ತಲಿಟ್ಟು ತಿಳಿಯಾಯಿತು. ಮೇಲ್ದುಟಿಯ ಮೇಲೆ ಬೆವರು ತಣ್ಣಗೆ ಹರಿಯಿತು.

"ತಗೋ ಮಗಳೇ," ಎಂದೆ.

ಅವಳು ತನ್ನ ಜಾಗಕ್ಕೆ ಮರಳಿ, ಅದೇ ಪೆನ್ನಿನಿಂದ ಬರೆಯತೊಡಗಿದಳು. ತಲೆಕೆಳಗಾದ ಅಕ್ಷರ ಓದುವುದು ಹನ್ನೊಂದು ವರ್ಷದ ಅಭ್ಯಾಸ. 'ನೆಲದಿಂದ ಪೆನ್ನು ಎತ್ತಿದರು. ತೊಂದರೆ ಕಾಣಲಿಲ್ಲ.' ಒಂದು ಪದವೂ ಆಚೀಚೆಯಾಗಿರಲಿಲ್ಲ.

ತಲೆ ಎತ್ತಿದವಳು ನನ್ನ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ತುಂಬಾ ನೋವಾಯ್ತಾ?"

"ಆಯ್ತಮ್ಮ. ಅದನ್ನೂ ಬರ್ಕೋ."

ಹುಡುಗಿ ಹಳದಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಅದಕ್ಕೆ ಇದ್ರಲ್ಲಿ ಜಾಗ ಇಲ್ಲ ಮೇಡಂ," ಎಂದಳು.