ಗೋಲ್ಡ್‌ಫಿಶ್ ಬಿಟ್ಟವರು

ಒಂಟಾರಿಯೋ ಸರೋವರದ ದಡದ ವಿಟ್ಬಿ ಊರಿನ ಒಂದು ಮನೆಸಾಲಿನ ಹಿಂದೆ ಮಳೆನೀರಿನ ಕೊಳವೊಂದಿತ್ತು. ಮಲ್ಪೆಯ ಜಯಶೀಲಾ ಮನೆ ಕೊಂಡ ವರ್ಷ ಅದರಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳು ಮಿಂಚುತ್ತಿದ್ದವು. ಕಪ್ಪೆಗಳ ಗಲಾಟೆಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಪಕ್ಕದ ಮನೆಯ ಸತ್ಯಪ್ರಕಾಶ್, ಮಗಳು ಸಾಕಿ ಬೇಸತ್ತ ನಾಲ್ಕೈದು ಗೋಲ್ಡ್‌ಫಿಶ್‌ಗಳನ್ನು ತಂದು ಕೊಳಕ್ಕೆ ಬಿಟ್ಟರು. ಮೈಸೂರಿನ ಇಂಜಿನಿಯರಾದ ಅವರು, ಜೀವ ಉಳಿಸಿದೆನೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡರು.

ಕೆಲವೇ ಬೇಸಿಗೆಗಳಲ್ಲಿ ಕೊಳ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂಗೈ ಮೀರಿ ಬೆಳೆದ ಮೀನುಗಳು ಕೆಸರು ಕೆದಕಿ ನೀರು ಕದಡಿದವು, ಜೊಂಡು ಕಿತ್ತವು, ಉಳಿದವುಗಳ ಮೊಟ್ಟೆ ತಿಂದವು. ಬೆಳ್ಳಿ ಮೀನು ಕಾಣದಾಯಿತು. ಕಪ್ಪೆಯ ದನಿ ನಿಂತಿತು. ಕೊಳ ತುಂಬಿದಾಗ ನೀರು ಹೊರಹೋಗುವ ತೊರೆಯಲ್ಲೂ ಕಿತ್ತಳೆ ಬೆನ್ನುಗಳು ಒಂದು ದಿನ ಜಯಶೀಲಾಳ ಕಣ್ಣಿಗೆ ಬಿದ್ದವು. ಆ ತೊರೆ ಸೇರುವುದು ಒಂಟಾರಿಯೋ ಸರೋವರವನ್ನು. ಅವಳು ಟೌನ್ ಆಫೀಸಿಗೆ ಫೋನ್ ಮಾಡಿದಳು.

ಚಳಿಗಾಲಕ್ಕೆ ಮುಂಚೆ ಟೌನಿನವರು ಬಂದು ಬಲೆ ಹಾಕಿ ಟಬ್ಬುಗಟ್ಟಲೆ ಮೀನು ಎತ್ತಿದರು. ಸತ್ಯಪ್ರಕಾಶ್ ಮನೆಯೊಳಗಿನಿಂದ ದಡಬಡ ಬಂದರು.

“ಏನ್ರೀ, ಕಂಪ್ಲೇಂಟ್ ಕೊಟ್ಟಿದ್ದು ನೀವೇನಾ? ಇಷ್ಟೊಂದು ಜೀವ ಕೊಲ್ಲಿಸ್ತಿದೀರಲ್ಲ! ಮೀನು ತಿನ್ನೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು?”

ಜಯಶೀಲಾ ಕೊಳದತ್ತ ಕೈ ತೋರಿಸಿದಳು. “ಹೌದು, ನಾವು ಮೀನು ತಿನ್ನುವವರೇ. ಆದ್ರೆ ಇಲ್ಲಿದ್ದ ಮೀನಿನ ವಂಶ ತೆಗ್ದದ್ದು ನೀವು. ಅವೇನು ಜೀವ ಅಲ್ವಾ?”

“ಮಾತು ನೆಟ್ಟಗಿರ್ಲಿ!”

ಸತ್ಯಪ್ರಕಾಶ್ ಊರಿನ ಕನ್ನಡ ಬಳಗಕ್ಕೆಲ್ಲ ದೂರು ಹೇಳಿದರು. ಅಂದಿನಿಂದ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮಾತಿಗೆ ಯಾರೂ ಉತ್ತರಿಸಲಿಲ್ಲ. ಯುಗಾದಿಗೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಕರೆಯೂ ಬರಲಿಲ್ಲ.

ಮೇ ತಿಂಗಳ ಒಂದು ಸಂಜೆ ಸತ್ಯಪ್ರಕಾಶ್, ಹಠಕ್ಕೆ ಬಿದ್ದವರಂತೆ, ಅಂಗಡಿಯಿಂದ ಹೊಸ ಗೋಲ್ಡ್‌ಫಿಶ್ ಕೊಂಡು ಪ್ಲಾಸ್ಟಿಕ್ ಕವರು ಹಿಡಿದು ದಂಡೆಗೆ ಬಂದರು. ಜಯಶೀಲಾ ಅಡ್ಡ ನಿಂತಳು.

“ಕೊಡಿ ಇಲ್ಲಿ.”

“ಎರಡೇ ಎರಡು ಕಣ್ರೀ. ದಾರಿ ಬಿಡಿ.”

“ಆವತ್ತೂ ನಾಲ್ಕೈದೇ ಅಲ್ವಾ ಬಿಟ್ಟದ್ದು?” ಕೈಹಾಕಿ ಕವರು ಕಿತ್ತುಕೊಂಡಳು.

“ಏನ್ಮಾಡ್ತೀರಿ ಅದನ್ನ?”

“ಕೊಲ್ತೇನೆ. ಪಾಪ ನನಗೇ ಇರ್ಲಿ. ನೀವು ಕೈ ತೊಳ್ಕೊಂಡು ದೇವರಿಗೆ ದೀಪ ಹಚ್ಚಿ.”

ಮನೆಗೆ ಬಂದು ಹೇಳಿದ್ದನ್ನೇ ಮಾಡಿದಳು. ಮಲ್ಪೆಯಲ್ಲಿ ಬುಟ್ಟಿಗಟ್ಟಲೆ ಮೀನು ಕೊಯ್ದವಳೇ ಆದರೂ ತಿನ್ನಲಿಕ್ಕಲ್ಲದೆ ಮೀನು ಕೊಂದದ್ದು ಅದೇ ಮೊದಲು. ಅಡುಗೆಮನೆಯ ಕಿಟಕಿಯಾಚೆ ಸತ್ಯಪ್ರಕಾಶ್ ಫೋನಿನಲ್ಲಿ ಯಾರಿಗೋ ಅವಳ ಹೆಸರು ಹೇಳಿ ಜೋರು ಮಾಡುತ್ತಿದ್ದರು. ಅವಳು ಪರದೆ ಎಳೆಯಲಿಲ್ಲ. ಅವರು ತಿರುಗಿ ನೋಡುವವರೆಗೂ ಅಲ್ಲೇ ನಿಂತಳು. ನೋಡಿದ ಮೇಲೂ ಕದಲಲಿಲ್ಲ.