ನಾಲ್ಕು ಫ್ರೇಮು

ಬಟ್ಟೆಯ ಅಂಚು ಅಂದುಕೊಂಡಿದ್ದೆ, ಒಣಹಾಕಿದ ಬಟ್ಟೆಯ ಮಡಿಕೆ, ಚೌಕಟ್ಟಿನ ಎಡ ಅಂಚಿನಲ್ಲಿ, ನೀರಿನ ತೊಟ್ಟಿಯ ಪಕ್ಕ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಒಂದು ಚೂರು — ಆದರೆ ಬಟ್ಟೆಗೆ ಬೆರಳಿರುವುದಿಲ್ಲ, ಇದಕ್ಕೆ ಇವೆ, ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು ಅರ್ಧ, ತೋರುಬೆರಳು ಗೆಣ್ಣಿನ ಹತ್ತಿರವೇ ಮುಗಿದುಹೋಗಿದೆ, ಹಿಂದಕ್ಕೆ ಒತ್ತುತ್ತೇನೆ, ಒಂದು ಫ್ರೇಮು ಹಿಂದೆ, ಮುಷ್ಟಿ, ಒಂದು ಮುಂದೆ, ಸಡಿಲ, ಇನ್ನೊಂದು ಮುಂದೆ, ಬಿಚ್ಚಿದ ಕೈ, ಇನ್ನೊಂದು, ಬಿಚ್ಚಿದ ಕೈ, ಆಮೇಲೆ ಕಟ್. ಅಕ್ಷರದ ತಪ್ಪೇನಾದರೂ ಉಳಿದಿದೆಯಾ ಎಂದು ಕೊನೆಯ ಸಲ ಕಣ್ಣಾಡಿಸಲು ಕೂತವಳು ನಾನು, ಅಷ್ಟೇ, ಹಳೇ ಸಿನಿಮಾವೊಂದರ ಬಗ್ಗೆ ನಾನು ಮಾಡಿದ ವಿಡಿಯೋ ಬೆಳಗ್ಗೆಯೇ ನನ್ನ ಚಾನೆಲ್ಲಿಗೆ ಏರಿದೆ, ಐದು ಗಂಟೆಗೆ ತಾನಾಗಿ ತೆರೆದುಕೊಳ್ಳುತ್ತದೆ, ಮೂಲೆಯಲ್ಲಿ ಅಂಕಿಗಳು ಹಿಂದಕ್ಕೆ ಓಡುತ್ತಿವೆ, ಹದಿನೆಂಟು ನಿಮಿಷ, ಮುನ್ನೂರ ಹನ್ನೆರಡು ಜನ ಆಗಲೇ ಬಂದು ಕಾಯುತ್ತಿದ್ದಾರೆ, ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು, ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದ, ಬೆಚ್ಚಿಬಿದ್ದೆ, ಅಪ್ಪ ಕೆಮ್ಮಿದರೆ ನಾನು ಯಾವತ್ತೂ ಹೆದರಿದವಳಲ್ಲ. ಅಂಗಾಲು ತಣ್ಣಗಾಗಿದೆ. ನೆಲ ತಣ್ಣಗಿರಬಹುದು, ನೆಲವೇ ಇರಬೇಕು.

ಹಗುರ ಪ್ರತಿಯ ತಪ್ಪು ಇದು, ನನ್ನ ತಪ್ಪಲ್ಲ, ಅಲ್ಲ, ನನ್ನದೇ — ಹೊಸದಾಗಿ ಸ್ಕ್ಯಾನ್ ಮಾಡಿದ ಚಿತ್ರ ಅಷ್ಟು ಭಾರ, ನನ್ನ ಮುದಿ ಕಂಪ್ಯೂಟರು ಅದನ್ನು ಎತ್ತಲಾರದೆ ಏದುಸಿರು ಬಿಡುತ್ತಿತ್ತು, ಹಾಗಾಗಿ ಎರಡು ತಿಂಗಳೂ ನಾನು ಕತ್ತರಿಸಿದ್ದು ಮಸುಕು ಮಸುಕಾದ ಸಣ್ಣ ನಕಲಿನ ಮೇಲೆ, ಎಲ್ಲ ಮುಗಿದ ಮೇಲೆ ಅಸಲಿಗೆ ಬದಲಾಯಿಸಿ ಹೊರತೆಗೆಯುವುದು, ಎಲ್ಲರೂ ಮಾಡುವುದೇ, ಆ ಮಸುಕಿನಲ್ಲಿ ಇದು ಬಟ್ಟೆಯ ಹಾಗೆ ಕಂಡಿತು, ಯಾರಿಗಾದರೂ ಹಾಗೇ ಕಾಣುತ್ತಿತ್ತು, ನಾಯಕಿ ತಾರಸಿಯ ಮೋಟುಗೋಡೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ, ಹಿಮ್ಮಡಿ ಜಾರುತ್ತದೆ, ತಕ್ಷಣ ಕಟ್, ತಂತಿಯ ಮೇಲೆ ಒಂದು ಬಿಳಿ ಹಾಸುಬಟ್ಟೆ, ಗಾಳಿ ತುಂಬಿಕೊಂಡು ಉಬ್ಬಿ ಇಳಿಯುತ್ತದೆ, ಏಳು ಸೆಕೆಂಡು, ಸದ್ದಿಲ್ಲ, ಬೀಳುವುದನ್ನು ತೋರಿಸುವುದೇ ಇಲ್ಲ, ಮೂವತ್ತೆಂಟು ವರ್ಷದಿಂದ ಜನ ಇದನ್ನು ನಿರ್ದೇಶಕರ ಸಂಯಮ ಎಂದು ಹಾಡಿ ಹೊಗಳಿದ್ದಾರೆ, ಪಾಠ ಮಾಡಿದ್ದಾರೆ. ನಾನು ಬಂದೆ ನೋಡಿ ಕೊಂಬು ಊದಿಕೊಂಡು. ಅಲ್ಲ ಸ್ವಾಮಿ, ಈ ಕತ್ತರಿ ನಿರ್ದೇಶಕರದ್ದಲ್ಲ, ಸಂಕಲನಕಾರನದ್ದು, ನನ್ನ ಅಪ್ಪನದ್ದು, ಇಗೋ ಅವನ ಅಂದಿನ ನೋಟುಬುಕ್ಕು, ಅವನದೇ ಅಕ್ಷರ, ಬೀಳುವುದು ಬೇಡ, ಹಾಸುಬಟ್ಟೆ, ಏಳು ಸೆಕೆಂಡು. ಬಟ್ಟೆಬೀರುವಿನೊಳಗೆ ತಲೆ ತೂರಿಸಿ, ಕೋಟು ಸ್ವೆಟರುಗಳ ನಡುವೆ ಮೈಕು ಹಿಡಿದು, ಗೋಡೆಗೆ ಬಡಿದು ದನಿ ವಾಪಸಾಗದಿರಲೆಂದು ಬೆವರು ಸುರಿಸಿಕೊಂಡು ಓದಿದ ಮಾತುಗಳು ಈಗ ನನ್ನದೇ ಕಿವಿಗೆ ಬೀಳುತ್ತಿವೆ — ಗಮನಿಸಿ, ಚಿತ್ರಮಂದಿರದಲ್ಲಿ ಚೌಕಟ್ಟಿನ ಅಂಚು ಮುಚ್ಚಿಹೋಗುತ್ತಿತ್ತು, ಹೊಸ ಸ್ಕ್ಯಾನಿನಲ್ಲಿ ಮೊದಲ ಸಲ ಪೂರ್ತಿ ಕಾಣುತ್ತಿದೆ, ಕಟ್ ಆಗುವ ಮುಂಚಿನ ನಾಲ್ಕು ಫ್ರೇಮುಗಳಲ್ಲಿ ಆ ಹಾಸುಬಟ್ಟೆ ಆಗಲೇ ಇಣುಕುತ್ತಿದೆ, ಸಂಕಲನಕಾರ ಮುಂದೆ ಬರುವುದರ ಸುಳಿವನ್ನು ಮೊದಲೇ ಕೊಟ್ಟುಬಿಟ್ಟಿದ್ದಾನೆ. ಸುಳಿವಂತೆ. ಏನು ಗತ್ತು ಆ ದನಿಗೆ. ಸೆಕೆಂಡಿನ ಆರನೇ ಒಂದು ಭಾಗವನ್ನು ಎಳೆದು ಆರು ಸೆಕೆಂಡು ಮಾಡಿದ್ದೇನೆ, ನಾಲ್ಕು ಪಟ್ಟು ದೊಡ್ಡದು ಮಾಡಿದ್ದೇನೆ, ಯಾರೂ ತಪ್ಪಿಸಿಕೊಳ್ಳಬಾರದು ಎಂದು ಸುತ್ತ ಒಂದು ಹಳದಿ ಉಂಗುರವನ್ನೂ ಬರೆದಿದ್ದೇನೆ, ಉಂಗುರದ ಸರಿಯಾಗಿ ನಡುವೆ ಅಪ್ಪನ ಕೈ, ಬಿಚ್ಚಿಕೊಂಡು.

ಕೈ ಅಲ್ಲಿರುವುದು ಹೊಸ ವಿಷಯವಲ್ಲ, ಅದು ನನಗೆ ಗೊತ್ತು, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮಗ್ಗಿಯ ಹಾಗೆ ಬಾಯಿಪಾಠ — ಆ ದಿನ ಹಗ್ಗ ಹಿಡಿಯುವವನು ಬಂದಿರಲಿಲ್ಲ, ಸೆಟ್ಟಿಗೆ ಸುಮ್ಮನೆ ನೋಡಲು ಹೋಗಿದ್ದ ಅಪ್ಪ, ನಾನು ಹಿಡೀತೀನಿ ಬಿಡಿ ಅಂದ, ತೊಟ್ಟಿಯ ಹಿಂದೆ ಮಲಗಿಕೊಂಡ, ನಾಯಕಿಯ ಬದಲಿಗೆ ಗೋಡೆ ಹತ್ತಿದ ಹುಡುಗಿಯ ಸೊಂಟಕ್ಕೆ ಕಟ್ಟಿದ ಹಗ್ಗ ಅವನ ಕೈಯಲ್ಲಿ, ಹಗ್ಗ ಹರಿಯಿತು. ಹರಿಯಿತು. ಆ ಹುಡುಗಿಯೇ ನಮ್ಮ ಅತ್ತೆ, ಅಪ್ಪನ ಒಡಹುಟ್ಟಿದವರಲ್ಲ, ರಕ್ತಸಂಬಂಧವಲ್ಲ, ಆದರೂ ಅತ್ತೆ, ಪ್ರತಿ ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದ, ನಲ್ಲಿ ಸೋರಿದರೆ ಸರಿಮಾಡುತ್ತಿದ್ದ, ಬಲ್ಬು ಬದಲಿಸುತ್ತಿದ್ದ, ಗಾಲಿಕುರ್ಚಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ, ಕಣ್ಣೆತ್ತಿ ಅವರನ್ನು ನೋಡುತ್ತಿರಲಿಲ್ಲ, ಸಂಕೋಚದ ಮನುಷ್ಯ ಅಂದುಕೊಂಡಿದ್ದೆ, ಅತ್ತೆ ಬೇಕೆಂದೇ ರೇಗಿಸುತ್ತಿದ್ದರು, ಏನಪ್ಪಾ ಎಡಿಟರೇ, ನನ್ನ ಮುಖದಲ್ಲಿ ಕಟ್ ಮಾಡೋ ಅಂಥದ್ದೇನಾದ್ರೂ ಇದ್ಯಾ, ಅತ್ತ ತಿರುಗಿ ಕೂತ್ಕೋತೀಯಲ್ಲ. ಎಂಥ ನಗು ಆಕೆಯದು, ಸೊಂಟದ ಕೆಳಗೆ ಇಲ್ಲದ ಜೀವವೆಲ್ಲ ಗಂಟಲಿಗೇ ಬಂದು ಕೂತಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಆ ಹಗ್ಗದ ತುಂಡು ಇಟ್ಟಿದ್ದರು, ನಾನು ಕೇಳಿದಾಗೆಲ್ಲ ತೆಗೆದು ತೋರಿಸುತ್ತಿದ್ದರು, ನೋಡು ಪುಟ್ಟಿ, ಇದು ಹರಿದ್ರೆ ನಿಮ್ಮಪ್ಪ ಪಾಪ ಏನು ಮಾಡೋಕಾಗುತ್ತೆ, ಕೊನೇ ತನಕ ಹಿಡ್ಕೊಂಡೇ ಇದ್ದ, ಅದಕ್ಕೇ ಅವನ ಮೇಲೆ ನಂಗೆ ಒಂದು ಕೂದಲೆಳೆಯಷ್ಟೂ ಸಿಟ್ಟಿಲ್ಲ. ಆ ತುದಿ. ಅಯ್ಯೋ, ಆ ತುದಿಯ ಮೇಲೆ ನಾನು ಬೆರಳಾಡಿಸಿದ್ದೇನೆ, ನುಣ್ಣಗಿತ್ತು, ಸಮವಾಗಿತ್ತು, ಹರಿದ ಹಗ್ಗ ಹಾಗಿರುವುದಿಲ್ಲ, ಎಳೆ ಎಳೆ ಬಿಚ್ಚಿಕೊಂಡು ಕುದುರೆ ಬಾಲದ ಹಾಗಿರುತ್ತದೆ, ಎಂಟು ವರ್ಷದವಳಿಗೆ ಅದು ಹೊಳೆಯಲಿಲ್ಲ ಸರಿ, ಮೂವತ್ತನಾಲ್ಕು ವರ್ಷದ ಈ ಗೂಬೆಗೆ ಯಾಕೆ ಹೊಳೆಯಲಿಲ್ಲ. ಅಪ್ಪನ ಅಂಗಿಯ ಜೇಬಿನಲ್ಲಿ ಫಿಲ್ಮು ಕತ್ತರಿಸುವ ಬ್ಲೇಡು ಯಾವಾಗಲೂ ಇರುತ್ತಿತ್ತು, ಕಾಗದದಲ್ಲಿ ಸುತ್ತಿ, ಬೆರಳಿನ ತುದಿ ಹೋದದ್ದೂ ಅಂಥದ್ದೇ ಬ್ಲೇಡಿಗೆ, ಕೆಲಸ ಕಲಿಯುವಾಗ, ಒಂದು ಫ್ರೇಮು ಜಾಸ್ತಿ ಕತ್ತರಿಸಿಬಿಟ್ಟೆ ಅಂತ ನಗಿಸುತ್ತಿದ್ದ — ಎಲ್ಲರೂ ಕೆಳಗೆ ಓಡಿರುತ್ತಾರೆ, ತಾರಸಿಯ ಮೇಲೆ ಒಬ್ಬನೇ, ಹಗ್ಗದ ಉಳಿದ ಸುರುಳಿ ಹಾಗೇ ಬೆನ್ನ ಹಿಂದೆ ಬಿದ್ದಿರುತ್ತದೆ, ಇಡಿಯಾಗಿ, ಎಲ್ಲೂ ಹರಿಯದೆ, ಜೇಬಿಗೆ ಕೈ ಹೋಗುತ್ತದೆ. ಇಲ್ಲಿ ತೆರೆಯ ಮೇಲೂ ಹಗ್ಗ ಇಡಿಯಾಗಿಯೇ ಇದೆ. ಬಿಚ್ಚಿದ ಅಂಗೈ ಮೇಲಿಂದ ಒಂದು ಕರಿಗೆರೆಯ ಹಾಗೆ ಜಾರಿ ಹೋಗುತ್ತಿದೆ.

ಹನ್ನೊಂದು ನಿಮಿಷ. ನಾನೂರ ಆರು ಜನ. ಕಾಯುವವರ ಪಟ್ಟಿಯಲ್ಲಿ ಗೂಬೆಕಣ್ಣ ಅನ್ನುವವನು ಬಂದು ಕೂತಿದ್ದಾನೆ, ಆ ಮಹಾರಾಯನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಪ್ರತಿ ವಿಡಿಯೋವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ ತಪ್ಪು ಹೆಕ್ಕುತ್ತಾನೆ, ಹೋದ ಸಲ ಕಿಟಕಿಗೆ ಒಂಬತ್ತು ಸರಳು ಅಂದಿದ್ದೆ, ಹನ್ನೊಂದು ಇವೆ ಮೇಡಂ ಅಂತ ಹತ್ತು ಸಾಲು ಬರೆದಿದ್ದ, ಅವನಿಗೆ ಈ ಕೈ ಕಾಣಿಸಲು ಉಂಗುರವೂ ಬೇಕಿಲ್ಲ, ನಾನು ಪಾಪ ಉಂಗುರವನ್ನೂ ಕೊಟ್ಟಿದ್ದೇನೆ. ನೋಟುಬುಕ್ಕಿನ ಪಕ್ಕ ಅಪ್ಪನ ಫೋಟೋ ಇದೆ, ಮೂರನೇ ನಿಮಿಷದಲ್ಲಿ, ಕತ್ತರಿಸುವ ಮೇಜಿನ ಮೇಲೆ ಬಾಗಿದ್ದಾನೆ, ಬೆರಳು ಸ್ಪಷ್ಟವಾಗಿ ಕಾಣುತ್ತದೆ, ಅದನ್ನೂ ನಾನೇ ಹಾಕಿದ್ದು, ಎಲ್ಲ ನಾನೇ ಮಾಡಿದ್ದು, ಅಂಗೈಯಲ್ಲಿಟ್ಟು ಕೊಟ್ಟ ಹಾಗೆ. ಗುಂಡಿ ಇಲ್ಲೇ ಇದೆ, ರದ್ದು ಮಾಡು, ಬೂದು ಬಣ್ಣದ ಸಣ್ಣ ಗುಂಡಿ, ಒತ್ತಿದರೆ ಮುಗಿಯಿತು, ತಾಂತ್ರಿಕ ತೊಂದರೆ, ಕ್ಷಮಿಸಿ, ನಾಳೆ ನೋಡೋಣ, ಆ ನಾಲ್ಕು ಫ್ರೇಮು ತೆಗೆದು ಮತ್ತೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ — ತೆಗೆದು. ಬೀಳುವುದು ಬೇಡ. ಹಾಸುಬಟ್ಟೆ. ಅಪ್ಪನೂ ಹೀಗೇ ಕೂತಿದ್ದನಲ್ಲ, ಇಂಥದೇ ಮೇಜು, ಇಂಥದೇ ಹೆದರಿಕೆ, ಯಾವ ಸಂಯಮವೂ ಅಲ್ಲ, ಯಾವ ಕಲೆಯೂ ಅಲ್ಲ, ಬೆವೆತ ಕೈಯವನೊಬ್ಬ ಮುಚ್ಚಿಟ್ಟದ್ದಕ್ಕೆ ಜಗತ್ತು ಚಪ್ಪಾಳೆ ಹೊಡೆಯಿತು, ಅವನು ಮೂರು ಸಲ ಹೇಳಿದ್ದ ನನಗೆ, ಬೇಡ ಬಿಡು ಪುಟ್ಟಿ, ಹಳೇದು ಯಾಕೆ ಕೆದಕ್ತೀಯ, ಡೈರೆಕ್ಟರ್ ಯಜಮಾನರ ಹೆಸರಲ್ಲೇ ಇರ್ಲಿ ಬಿಡು, ಆಹಾ ಎಂಥ ವಿನಯ ಅಂತ ಅದನ್ನೂ ವಿಡಿಯೋದಲ್ಲಿ ಹೇಳಿದ್ದೇನೆ. ಫೋನು ಗುಂಯ್ ಅಂದಿತು, ಅತ್ತೆ. ಪುಟ್ಟಿ, ಎಲ್ರೂ ಬಂದು ಕೂತಿದೀವಿ, ಪಕ್ಕದ ಮನೆಯವರೂ ಇದಾರೆ, ಟೀವಿಗೇ ಹಾಕ್ಕೊಂಡಿದೀವಿ ದೊಡ್ಡದಾಗಿ ಕಾಣ್ಲಿ ಅಂತ, ನಿಮ್ಮಪ್ಪನ ಹೆಸರು ಎಷ್ಟನೇ ನಿಮಿಷಕ್ಕೆ ಬರುತ್ತೆ ಹೇಳು, ಚಪ್ಪಾಳೆ ಹೊಡೀಬೇಕು. ದೊಡ್ಡದಾಗಿ. ಏನಂತ ಬರೆಯಲಿ, ಅತ್ತೆ ಟೀವಿ ಆರಿಸಿ ಅಂತಲಾ. ಒಂದು ಅಕ್ಷರ ಒತ್ತಿದೆ, ಅಳಿಸಿದೆ. ನಾನು ಹೆದರುತ್ತಿರುವುದು ಗೂಬೆಕಣ್ಣನಿಗಲ್ಲ, ಜನರಿಗಲ್ಲ, ಆ ನಗು ನಿಲ್ಲುವ ಗಳಿಗೆಗೆ, ಆಮೇಲೆ ಬರುವ ಭಾನುವಾರಕ್ಕೆ, ಅಪ್ಪ ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೂ ಬಾ ಎನ್ನದೇ ಇರುವುದಕ್ಕೆ. ಮತ್ತೆ ಒತ್ತಿ ನೋಡುತ್ತೇನೆ, ಬಟ್ಟೆಯೇ ಇರಬಹುದು, ಬಿಸಿಲಿನ ಆಟ ಇರಬಹುದು, ಮುಷ್ಟಿ, ಸಡಿಲ, ಬಿಚ್ಚಿದ ಕೈ, ಬಿಚ್ಚಿದ ಕೈ.

ಚಪ್ಪಲಿಯ ಸದ್ದು, ಬರಬೇಡ ಅಪ್ಪ, ಈಗ ಬರಬೇಡ, ಬಂದ, ಒಂದು ತಟ್ಟೆಯಲ್ಲಿ ಸುಲಿದ ಕಿತ್ತಳೆ, ನಾರೆಲ್ಲ ಬಿಡಿಸಿ ತೊಳೆತೊಳೆಯಾಗಿ ಇಟ್ಟಿದ್ದಾನೆ, ನನ್ನ ಪ್ರತಿ ಬಿಡುಗಡೆಗೂ ತರುತ್ತಾನೆ, ಶುರುವಾಯ್ತಾ, ಇನ್ನೂ ಇದ್ಯಾ ಟೈಮು, ಕಿಟಕಿ ಮುಚ್ಚಲು ಕೈ ಹೋಯಿತು ನನ್ನದು, ಗೋಡೆಯ ಕಿಟಕಿಯಲ್ಲ, ತೆರೆಯದು, ಆದರೆ ಹೋದ ಕೈ ಅಲ್ಲೇ ನಿಂತಿತು, ಅವನು ಆಗಲೇ ನೋಡುತ್ತಿದ್ದ, ಹಳದಿ ಉಂಗುರ, ಅದರೊಳಗೆ ತನ್ನ ಕೈ, ನಾಲ್ಕು ಪಟ್ಟು. ತಟ್ಟೆ ಮೇಜಿನ ಮೇಲೆ ಮೆಲ್ಲಗೆ ಇಟ್ಟ, ಒಂದು ಚೂರೂ ಸದ್ದು ಮಾಡದೆ. ನಾನು ಏನೋ ಒಂದು ಕೇಳುತ್ತಾನೆ ಅಂದುಕೊಂಡೆ, ಬಯ್ಯುತ್ತಾನೆ, ಇಲ್ಲ ಅನ್ನುತ್ತಾನೆ, ಇಲ್ಲ ಅಂದರೆ ನಾನು ನಂಬಿಬಿಡುತ್ತಿದ್ದೆ, ದೇವರಾಣೆ ನಂಬಿಬಿಡುತ್ತಿದ್ದೆ. ಎಷ್ಟು ಫ್ರೇಮು ಇದೆ, ಅಂದ. ನಾಲ್ಕು, ಅಂದೆ. ಹ್ಞೂಂ, ನಾಲ್ಕೇ, ಅಂದ, ತೆಗೆಯೋಣ ಅಂತ ಕೂತಿದ್ದೆ ಪುಟ್ಟಿ, ಬ್ಲೇಡು ಇಟ್ಟಿದ್ದೆ ಅಲ್ಲಿ, ತೆಗೆದ್ರೆ ಹಿಮ್ಮಡಿ ಜಾರೋದೇ ಕಾಣ್ತಿರ್ಲಿಲ್ಲ, ಕಟ್ ಕೂರ್ತಿರ್ಲಿಲ್ಲ, ಹೇಗೂ ತೆರೆ ಮೇಲೆ ಅಂಚು ಬರಲ್ವಲ್ಲ ಅಂತ ಬಿಟ್ಟುಬಿಟ್ಟೆ. ಕಟ್ ಕೂರುತ್ತಿರಲಿಲ್ಲವಂತೆ. ನಗು ಬಂತು ನನಗೆ, ಅಳು ಬರುವ ಜಾಗದಲ್ಲಿ, ತನ್ನ ಕುತ್ತಿಗೆಗೆ ತಾನೇ ಕುಣಿಕೆ ಹಾಕಿಕೊಳ್ಳುವಾಗಲೂ ಗಂಟು ನೆಟ್ಟಗಿದೆಯಾ ಅಂತ ನೋಡಿದ ಮನುಷ್ಯ, ನಾನು ಇವನ ಮಗಳೇ, ಸಂದೇಹವಿಲ್ಲ. ಯಾಕಪ್ಪ ಬಿಟ್ಟೆ, ಅಂದೆ, ಯಾವುದನ್ನು ಕೇಳುತ್ತಿದ್ದೇನೆ ಅಂತ ಅವನಿಗೆ ಗೊತ್ತಾಯಿತು. ಹಗ್ಗ ಸರ್ರಂತ ಎಳೀತು, ಅಂಗೈ ಸುಟ್ಟುಹೋಯ್ತು, ಕೈ ತಾನೇ ಬಿಚ್ಕೊಂಡ್ತು, ನಾನು ಬಿಚ್ಚಲಿಲ್ಲ ಪುಟ್ಟಿ, ಅಷ್ಟೇ ಹೇಳಿದ್ರೆ ಆಗ್ತಿತ್ತು ಅವತ್ತು, ಅವಳು ಕ್ಷಮಿಸ್ತಿದ್ಳು ಕಣೇ, ಅವಳು ಅಂಥವಳು, ಆದ್ರೆ ಹೆದ್ರಿಕೆ ಆಯ್ತು, ಹಗ್ಗ ಕುಯ್ದೆ, ಆಮೇಲೆ ಹೇಳೋಕೆ ಹಗ್ಗಾನೂ ಅಡ್ಡ ಬಂತು.

ಎರಡು ನಿಮಿಷ, ಐನೂರ ಮೂವತ್ತು, ಫೋನು ಮತ್ತೆ ಗುಂಯ್, ಎಷ್ಟನೇ ನಿಮಿಷ ಪುಟ್ಟಿ, ಹೇಳೇ ಬೇಗ, ಅಪ್ಪ ಬಾಗಿ ಅದನ್ನೂ ಓದಿದ, ಅವನ ಉಸಿರು ನನ್ನ ಕಿವಿಗೆ ತಾಕುತ್ತಿದೆ, ಕಿತ್ತಳೆಯ ವಾಸನೆ, ನನ್ನ ಕೈ ಮೌಸಿನ ಮೇಲೆ, ಬಾಣದ ಗುರುತು ಆ ಬೂದು ಗುಂಡಿಯ ಮೇಲೆ, ರದ್ದು ಮಾಡಲಾ ಅಪ್ಪ, ಹೇಳು, ನೀನು ಹೇಳಿದ ಹಾಗೆ, ಹೇಳಪ್ಪ, ಅವನು ನನ್ನ ಕೈಯ ಮೇಲೆ ತನ್ನ ಕೈ ಇಟ್ಟ, ಎಡಗೈ, ತಣ್ಣಗಿದೆ, ಹಿಡಿದುಕೊಂಡಿದ್ದಾನೆ ಬಿಗಿಯಾಗಿ, ಗೆಣ್ಣುಗಳು ಬಿಳುಪಾಗುವಷ್ಟು, ಈಗ ಒತ್ತುತ್ತಾನೆ, ನನ್ನ ಬೆರಳಿನಿಂದಲೇ ಒತ್ತಿಸುತ್ತಾನೆ, ಒತ್ತಿಸು ಅಪ್ಪ, ಒತ್ತಿಸಬೇಡ, ಐವತ್ತು ಸೆಕೆಂಡು, ನಲವತ್ತು, ಅತ್ತೆಯ ಮನೆಯಲ್ಲಿ ಈಗ ದೀಪ ಆರಿಸಿರುತ್ತಾರೆ, ಮಡಿಲಲ್ಲಿ ಆ ಡಬ್ಬಿ ಇಟ್ಟುಕೊಂಡಿರುತ್ತಾರೆ ಎಲ್ಲರಿಗೂ ತೋರಿಸಲು, ಇಪ್ಪತ್ತು, ನಾನು ಕಣ್ಣು ಮುಚ್ಚಬೇಕು ಅಂದುಕೊಳ್ಳುತ್ತೇನೆ, ಮುಚ್ಚಲಾಗುತ್ತಿಲ್ಲ, ನನ್ನ ಕೈಯ ಮೇಲೆ ಅವನ ಹಿಡಿತ, ಹತ್ತು, ಸಡಿಲ, ಆರು, ಕಿರುಬೆರಳು, ಉಂಗುರದ ಬೆರಳು, ಒಂದೊಂದೇ, ತುದಿಯಿಲ್ಲದ ಆ ಬೆರಳು, ಯಾವುದೂ ಎಳೆಯುತ್ತಿಲ್ಲ, ಏನೂ ಸುಡುತ್ತಿಲ್ಲ, ಅವನೇ, ಈ ಸಲ ಅವನೇ, ಗುಂಡಿ ಒತ್ತದೆಯೇ, ಸೊನ್ನೆ, ಮೇಜಿನ ಮೇಲೆ, ತಟ್ಟೆಯ ಪಕ್ಕ, ಬಿಚ್ಚಿದ ಕೈ, ತೆರೆಯ ಮೇಲೆ, ಬಿಚ್ಚಿದ ಕೈ, ಬಿಚ್ಚಿದ ಕೈ