ಗೆರೆ ಮಲಗಿದ ಹೊತ್ತು

ಆ ಶಾಲೆಯಲ್ಲಿ ವಿಜ್ಞಾನದ ಟೀಚರ್ ಎಂದರೆ ಮೊದಲು ನೆನಪಾಗುತ್ತಿದ್ದದ್ದು ಅವಳ ಗಂಟಲು. ಅವಳು ಮೇಲಿನ ಮಹಡಿಯಲ್ಲಿ ಪಾಠ ಮಾಡಿದರೆ ಗೇಟಿನ ಕಾವಲಿನವನೂ ಪರೀಕ್ಷೆ ಬರೆದು ಪಾಸಾಗಬಹುದು ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಅವಳು ಒಂದು ವಾಕ್ಯ ಹೇಳುವುದು, ಮಕ್ಕಳು ಬರೆದುಕೊಳ್ಳುವುದು, ಮತ್ತೆ ಇನ್ನೊಂದು ವಾಕ್ಯ. ವರ್ಷಗಳಿಂದ ಹೀಗೆಯೇ ನಡೆದು ಬಂದಿತ್ತು. ಅಂಥ ಗಂಟಲನ್ನು ದೇವರು ಒಂದು ಬೆಳಿಗ್ಗೆ, ಕೊಟ್ಟ ಸಾಲ ಕೇಳುವವನಂತೆ, ವಾಪಸು ಕೇಳಿದ. ಎದ್ದು ಬಾಯಿ ತೆರೆದರೆ ಬರೀ ಗಾಳಿ.

"ಧ್ವನಿಪೆಟ್ಟಿಗೇಲಿ ಗಂಟು ಕೂತಿದೆ. ಮಾತು ಪೂರಾ ಬಂದ್. ಪಿಸುಗುಟ್ಟೋದಂತೂ ಇನ್ನೂ ಕೆಟ್ಟದ್ದು," ಎಂದರು ಡಾಕ್ಟರು.

ಹೆಡ್‌ಮೇಷ್ಟ್ರು ಕೆಟ್ಟವರಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು, ಬೋಳುತಲೆ ಸವರಿಕೊಂಡು ಹೇಳಿದರು: "ರಜೆ ಹಾಕಿ ಅಂದ್ರೆ ನೀವು ಒಪ್ಪಲ್ಲ. ಮಾತಿಲ್ಲದ ಟೀಚರ್‌ಗೆ ನಾನು ಯಾವ ಕೆಲಸ ಕೊಡ್ಲಿ? ಈ ವಾರ ನೋಡ್ತೀನಿ. ಆಗಲಿಲ್ಲ ಅಂದ್ರೆ ನಿಮ್ಮ ಏಳನೇ ತರಗತಿಯನ್ನ ಗಣಿತದ ಮೇಷ್ಟ್ರಿಗೆ ಕೊಡ್ತೀನಿ. ನೀವು ಲೈಬ್ರರಿ ನೋಡ್ಕೊಳ್ಳಿ. ಅಲ್ಲಿ ಹೇಗೂ ಯಾರೂ ಮಾತಾಡಬಾರದು."

ಅವರು ನಗಿಸಲೆಂದೇ ಹೇಳಿದ್ದು. ಅವಳಿಗೆ ನಗು ಬರಲಿಲ್ಲ. ಆ ಏಳನೇ ತರಗತಿಯನ್ನು ಐದರಿಂದಲೂ ಕೈಹಿಡಿದು ತಂದವಳು ಅವಳು. ಗಣಿತದ ಮೇಷ್ಟ್ರೋ, ಎದ್ದು ನಿಂತು ಪ್ರಶ್ನೆ ಕೇಳಿದ ಮಗುವಿಗೆ "ಹಾಗೇ ನಿಂತಿರು" ಎನ್ನುವ ಆಸಾಮಿ.

ಆ ದಿನವೇ ಅವಳು ಪಾಠವನ್ನೆಲ್ಲ ಫೋನಿನಲ್ಲಿ ಬೆರಳಚ್ಚಿಸಿ, ಅದನ್ನು ಓದಿ ಹೇಳುವ ಯಂತ್ರದ ದನಿಗೆ ಒಪ್ಪಿಸಿದಳು. ಮರುದಿನ ತರಗತಿಯಲ್ಲಿ ಸ್ಪೀಕರಿನಿಂದ ಆ ದನಿ ಹೊರಟಿತು: "ಶಬ್ದವು ಗಾಳಿಗಿಂತ ಘನವಸ್ತುಗಳಲ್ಲಿ ವೇಗವಾಗಿ ಚಲಿಸುತ್ತದೆ ಶಬ್ದಕ್ಕೆ ಮಾಧ್ಯಮವು ಬೇಕು..."

"ಟೀಚರ್, ಇವರು ಉಸಿರೇ ತಗೊಳ್ಳಲ್ವಲ್ಲ!" ಎಂದ ಹಿಂದಿನ ಬೆಂಚಿನ ಹುಡುಗ. ಮೆಲ್ಲಗೆ ಮಾತಾಡಿದ್ದೇ ಇಲ್ಲದ ಅವನಿಗೆ ಗುಡುಗು ಎಂದೇ ಹೆಸರು.

"ಸಂಬಳ ಮಾತಿಗೆ ಮಾತ್ರ ಅಂತ ಕಾಣುತ್ತೆ, ಉಸಿರಿಗೆ ಇಲ್ಲ," ಎಂದಳು ಮುಂದಿನ ಸಾಲಿನ ಹುಡುಗಿ. ಎಲ್ಲದಕ್ಕೂ ವಾದ ಹೂಡುವ ಇವಳು ಪುಟ್ಟ ಲಾಯರಮ್ಮ.

ತರಗತಿ ನಕ್ಕಿತು, ನಕ್ಕು ಬರೆದುಕೊಂಡಿತು, ಬರೆದುಕೊಂಡು ಆಕಳಿಸಿತು. ಟೀಚರ್ ಗೋಡೆಗೊರಗಿ ನೋಡುತ್ತಿದ್ದಳು. ಯಂತ್ರ ಮಾಡುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ತಾನು ಇಷ್ಟು ವರ್ಷ ಮಾಡಿದ್ದನ್ನೇ ಅದೂ ಮಾಡುತ್ತಿತ್ತು, ಎಂಜಲು ಹಾರುತ್ತಿರಲಿಲ್ಲ ಅಷ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಅವಳು ಎಷ್ಟು ಸಲ ಮಕ್ಕಳನ್ನು ಬೈದಿದ್ದಳೋ. ಸುರಿಯುವ ಬಗೆಯ ಬಗ್ಗೆ ಯೋಚಿಸಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅತ್ತೆ ಸೊಸೆಯ ತಟ್ಟೆ ತನ್ನತ್ತ ಎಳೆದುಕೊಂಡು ಬಡಿಸುತ್ತಾ ಹೇಳಿದರು: "ನೀನು ಬಾಯಿ ಮುಚ್ಚಿದ ಮೇಲೆ ಈ ಮನೇಲಿ ಏನೇನು ಸದ್ದಿದೆ ಅಂತ ಗೊತ್ತಾಯ್ತು ಕಣೆ. ಫ್ರಿಜ್ಜು ಮುದುಕನ ಹಾಗೆ ನರಳುತ್ತೆ. ನಿನ್ನ ಗಂಡ ಊಟ ಮಾಡೋವಾಗ ಮೂಗಿನಲ್ಲೇ ಹಾಡ್ತಾನೆ. ಹೆತ್ತವಳು ನಾನು, ಇವತ್ತು ಕೇಳಿಸ್ತು!"

"ನಾನೆಲ್ಲಿ ಹಾಡ್ತೀನಮ್ಮ?" ಎಂದು ಗಂಡ ಚಮಚ ಕೆಳಗಿಟ್ಟ.

"ಹಾಡು, ಹಾಡು. ಚೆನ್ನಾಗೇ ಇದೆ."

ಟೀಚರ್ ಸದ್ದಿಲ್ಲದೆ, ಭುಜ ಕುಣಿಯುವಂತೆ ನಕ್ಕಳು. ಆಮೇಲೆ ಎಂದಿನಂತೆ ಪ್ರಾರ್ಥನೆಗೆ ಕೂತಳು. ಹೇಳಿಕೊಳ್ಳಲು ದನಿಯಿರಲಿಲ್ಲ, ಸುಮ್ಮನೆ ಕೇಳುತ್ತಾ ಕೂತಳು. ಫ್ರಿಜ್ಜು ನಿಜಕ್ಕೂ ನರಳುತ್ತಿತ್ತು.

ಮಾರನೆಯ ದಿನ ಅವಳು ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ ಮೇಜಿನ ಮೇಲೆ ಅಂಗಾತ ಇಟ್ಟಳು. ಗೋಡೆಯ ಮೇಲೆ ಒಂದು ಹಸಿರು ಗೆರೆ ಮೂಡಿತು. ಫೋನಿಗೆ ಸದ್ದು ಕೇಳಿಸಿದರೆ ಏಳುವ, ಸದ್ದು ನಿಂತರೆ ಇಳಿಯುವ ಗೆರೆ. ಬೋರ್ಡಿನ ಮೇಲೆ ಬರೆದಳು: "ಈ ಗೆರೆಯನ್ನು ಮಲಗಿಸಿ. ಹೇಗೆಂದು ನಾನು ಹೇಳುವುದಿಲ್ಲ."

"ಹೇಳೋಕೆ ನಿಮ್ಗೆ ಆಗಲ್ವಲ್ಲ ಟೀಚರ್!" ಎಂದ ಗುಡುಗು. ಅವನ ಮಾತಿಗೇ ಗೆರೆ ಹೆಡೆಯೆತ್ತಿತು. ತನ್ನ ದನಿಯನ್ನು ಕಣ್ಣಾರೆ ಕಂಡು ಅವನು ಮೊದಲ ಬಾರಿಗೆ ತೆಪ್ಪಗಾದ.

ಒಂದಷ್ಟು ಹೊತ್ತು ಸಂತೆ. ಕೂಗಿದರು, ಸಿಳ್ಳೆ ಹಾಕಿದರು, ಬೆಂಚು ಬಡಿದರು. ಡಸ್ಟರಿನಿಂದ ಮೇಜು ಕುಟ್ಟಲು ಟೀಚರಿನ ಕೈ ತವಕಿಸಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಳು. ಆಮೇಲೆ ಯಾರೂ ಹೇಳದೆಯೇ ಮಕ್ಕಳು ಒಬ್ಬರನ್ನೊಬ್ಬರು ಶ್ ಎನ್ನತೊಡಗಿದರು. ಒಬ್ಬ ಫ್ಯಾನು ಆರಿಸಿದ. ಇನ್ನೊಬ್ಬಳು ಕಿಟಕಿ ಮುಚ್ಚಿದಳು. ಶೂ ಕಳಚಿ ಬದಿಗಿಟ್ಟರು. ಕೊನೆಗೆ ಎಲ್ಲರೂ ಕೆನ್ನೆಯುಬ್ಬಿಸಿ ಉಸಿರು ಬಿಗಿಹಿಡಿದರು.

ಗೆರೆ ಇಳಿಯಿತು, ಆದರೆ ಮಲಗಲಿಲ್ಲ. ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು.

"ಇವಳ ಹೊಟ್ಟೆ ಟೀಚರ್. ತಿಂಡಿ ತಿಂದಿಲ್ಲ ಅಂತಿದ್ಲು," ಎಂದ ಗುಡುಗು.

"ಸಾಕ್ಷಿ ಇದೆಯಾ?" ಎಂದು ಪುಟ್ಟ ಲಾಯರಮ್ಮ ಎದ್ದೇಬಿಟ್ಟಳು. ತನ್ನ ಹೊಟ್ಟೆಯನ್ನು ಪರೀಕ್ಷೆಗೊಡ್ಡಲು ಫೋನನ್ನೆತ್ತಿ ಅಂಗೈಯಲ್ಲಿ ಹಿಡಿದಳು. ನಡುಕ ತಗ್ಗಿತು. ಮೇಜಿನ ಮೇಲಿಟ್ಟಳು, ಹೆಚ್ಚಿತು. ಎತ್ತಿದಳು, ತಗ್ಗಿತು. ಅವಳ ಕಣ್ಣರಳಿತು. "ಇದು ಗಾಳೀಲಿ ಬರ್ತಿಲ್ಲ ಕಣ್ರೋ! ಮೇಜಿನ ಒಳಗೆ ಬರ್ತಿದೆ!"

ಗುಡುಗು ಓಡಿ ಬಂದು ಮೇಜಿಗೆ ಕಿವಿಯಿಟ್ಟ. "ಹೌದು ಕಣೆ, ಗುಂಯ್ ಅಂತಿದೆ." ಮೇಜಿಗೆಲ್ಲಿಂದ ಬಂತು? ನೆಲದಿಂದ. ಮಕ್ಕಳು ನೆಲಕ್ಕೆ ಕಿವಿಯಿಟ್ಟು ಮಲಗಿದರು. ನೆಲಕ್ಕೆ? ಗೋಡೆಯಿಂದ. ಗೋಡೆಗುಂಟ ತೆವಳಿದರು. ಮೂಲೆಯಲ್ಲಿ ಮೇಲಿನ ಟ್ಯಾಂಕಿಗೆ ಹೋಗುವ ನೀರಿನ ಕಬ್ಬಿಣದ ಪೈಪು. ಅದಕ್ಕೆ ಕಿವಿ ತಾಗಿಸಿದ ಮಗು ಬೆಚ್ಚಿ ಹಿಂದೆ ಸರಿಯಿತು. "ಇಲ್ಲಿದೆ!"

ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದದ್ದು ಆಗ. ಕತ್ತಲ ಕೋಣೆ, ಬರಿಗಾಲಿನ ಮಕ್ಕಳು, ಅರ್ಧ ತರಗತಿ ನೆಲದ ಮೇಲೆ, ಉಳಿದರ್ಧ ಗೋಡೆಗಂಟಿದ ಹಲ್ಲಿಗಳಂತೆ.

"ಏನ್ರೀ ಇದು?" ಎಂದರು. ಗೋಡೆಯ ಮೇಲೆ ಗೆರೆ ಎಗರಿತು. ಇಡೀ ತರಗತಿ ಅವರತ್ತ ತಿರುಗಿ, "ಶ್!"

ಹೆಡ್‌ಮೇಷ್ಟ್ರ ಬಾಯಿ ತೆರೆದೇ ಇತ್ತು. ಲೈಬ್ರರಿಯ ಬೀರುಗಳು ಟೀಚರಿನ ಕಣ್ಣೆದುರು ಸಾಲಾಗಿ ಬಂದವು. ವಿವರಿಸಲು ಅವಳಲ್ಲಿ ಮಾತಿರಲಿಲ್ಲ. ಮಾತಾಡಿದವಳು ಲಾಯರಮ್ಮ. "ಸರ್, ಕೆಳಗಿನ ಪಂಪಿನ ಸದ್ದು ಈ ಮೇಜಿನ ತನಕ ಬಂದಿದೆ. ನಮ್ಮ ಅನುಮಾನ ಅದು. ನಿಜಾನಾ ಅಂತ ನೋಡ್ಬೇಕು ಅಂದ್ರೆ ಪಂಪು ನಿಲ್ಲಿಸ್ಬೇಕು. ಪಂಪಿನ ಕೋಣೆ ಬೀಗದ ಕೈ ನಿಮ್ಮ ಹತ್ರ ಇದೆ."

ಹೆಡ್‌ಮೇಷ್ಟ್ರು ಪೈಪಿಗೆ ಕಿವಿಯಿಟ್ಟರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಮೆಟ್ಟಿಲಿಳಿದರು.

ಮಕ್ಕಳು ಮೈಯೆಲ್ಲ ಕಿವಿಯಾಗಿ, ಕಣ್ಣು ಗೆರೆಯ ಮೇಲಿಟ್ಟು ಕೂತರು. ಗುಡುಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಗೆರೆ ನಡುಗುತ್ತಿತ್ತು, ನಡುಗುತ್ತಿತ್ತು. ಆಮೇಲೆ, ದಣಿದ ಮಗು ತೊಟ್ಟಿಲಲ್ಲಿ ಕಾಲು ಚಾಚುವಂತೆ, ಮಲಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಭೂಮಿಯ ಆಳದಿಂದ ನೀರು ಏರುವ ಸದ್ದು ಕಬ್ಬಿಣ ಹತ್ತಿ, ಗೋಡೆ ಹಾದು, ನೆಲದಲ್ಲಿ ಹರಿದು ದಿನವೂ ಟೀಚರಿನ ಪಾದದವರೆಗೆ ಬರುತ್ತಿತ್ತು. ಅದರ ಮೇಲೇ ನಿಂತು ಅವಳು, ಶಬ್ದವು ಘನವಸ್ತುಗಳಲ್ಲಿ ಚಲಿಸುತ್ತದೆ, ಎಂದು ವರ್ಷವರ್ಷವೂ ಕೂಗಿ ಬರೆಸಿದ್ದಳು. ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಈಗ ಇಷ್ಟು ಮಕ್ಕಳ ಮೌನ ಒಟ್ಟಾಗಿ ಅವಳ ಮುಂದೆ ನಿಂತಿತ್ತು. ಯಾರೂ ಗದರಿಸಿ ತರಿಸಿದ ಮೌನವಲ್ಲ ಅದು. ಅವಳಿಗೆ ಕೈ ಮುಗಿಯಬೇಕೆನಿಸಿತು.

"ಟೀಚರ್," ಎಂದು ಯಾವುದೋ ಮಗು ಮೆಲ್ಲಗೆ ಕರೆಯಿತು. "ಪೂರ್ತಿ ಮಲಗಿಲ್ಲ. ಕೂದಲೆಳೆಯಷ್ಟು ಇನ್ನೂ ಆಡ್ತಿದೆ. ಅದೇನು?"

ಟೀಚರ್ ನೋಡಿದಳು. ಹೌದು, ಆಡುತ್ತಿತ್ತು. ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಬರೆದಳು: "ಗೊತ್ತಿಲ್ಲ." ಆ ಬೋರ್ಡು ಅಂಥ ಪದವನ್ನು ಹಿಂದೆಂದೂ ಹೊತ್ತಿರಲಿಲ್ಲ. ಮಕ್ಕಳು ಬೋರ್ಡನ್ನೂ ಅವಳನ್ನೂ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ತಮಗೇ ವಹಿಸಿದ ಕೆಲಸವೆಂಬಂತೆ, ಗೆರೆಯತ್ತ ಜರುಗಿದರು.

ಗೆರೆ ಥಟ್ಟನೆ ಎದ್ದು ನಡುಗಿತು. ಕೆಳಗೆ ಪಂಪು ಚಾಲೂ ಆಗಿತ್ತು. ತುಸು ಹೊತ್ತಿಗೆ ಹೆಡ್‌ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು.

"ಏನಾಯ್ತು? ಮಲಗ್ತಾ?"

"ಮಲಗ್ತು ಸರ್!"

"ಛೆ! ನಾನು ನೋಡ್ಲೇ ಇಲ್ವಲ್ಲ." ಕೈಯಲ್ಲಿದ್ದ ಬೀಗದ ಕೈ ನೋಡಿದರು, ಟೀಚರನ್ನು ನೋಡಿದರು, ಬೋರ್ಡಿನ ಮೇಲಿದ್ದ ಪದವನ್ನು ಓದಿದರು. ಆಮೇಲೆ ಪಕ್ಕದ ಕೋಣೆಯ ಬಾಗಿಲು ತಟ್ಟಿ ಗಣಿತದ ಮೇಷ್ಟ್ರನ್ನು ಕರೆದರು.

"ಏಳನೇ ತರಗತಿ ತಗೊಳ್ಬೇಕಾ ಸರ್? ನಾನು ರೆಡಿ," ಎಂದರು ಅವರು ಸೀಮೆಸುಣ್ಣ ಜೇಬಿಗಿಳಿಸುತ್ತಾ.

"ತರಗತಿ ಟೀಚರ್ ಹತ್ರಾನೇ ಇರುತ್ತೆ. ನೀವು ಪಂಪು ತಗೊಳ್ಳಿ," ಎಂದು ಹೆಡ್‌ಮೇಷ್ಟ್ರು ಬೀಗದ ಕೈ ಕೊಟ್ಟರು. " ಕೆಳಗೆ ಹೋಗಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಯಾಕೆ ಅಂತ ಬಂದ್ಮೇಲೆ ಮಕ್ಕಳು ಹೇಳ್ತಾರೆ."

ಹೆಡ್‌ಮೇಷ್ಟ್ರು ಬಾಗಿಲ ಬಳಿ ಶೂ ಕಳಚಿ, ಮಕ್ಕಳ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಗುಡುಗು ಜರುಗಿ ಜಾಗ ಕೊಟ್ಟು, ಅವರ ಕಿವಿಯಲ್ಲಿ ಉಸುರಿದ: "ಉಸಿರು ಹಿಡ್ಕೊಳ್ಳಿ ಸರ್."

ಅವರು ಕೆನ್ನೆಯುಬ್ಬಿಸಿದರು.